ಎರಡನೇ ಇಯತ್ತೆಯ ಫಕ್ಕೀರವ್ವ

ಇದು ಆಫೀಸಿನ ಕಾಗದವಲ್ಲ, ಇದರ ಮೇಲೆ ಸಿಕ್ಕಾ ಇಲ್ಲ. ಅದಕ್ಕೇ ಹೆದರಿಕೆಯಿಲ್ಲದೆ ಹೇಳುತ್ತಿದ್ದೇನೆ. ನಮ್ಮೂರಲ್ಲಿ ಸರಕಾರಿ ಸಿಕ್ಕಾ ಒತ್ತಿದ ಕಾಗದದ ಮೇಲೆ ಏನು ಬರೆದಿರುತ್ತದೋ ಅದು ಹಾಗೆಯೇ ಆಗಿಬಿಡುತ್ತದೆ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು, ಅವಳ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ಯಾಕೆ ಅಂತ ಯಾರೂ ಕೇಳಿದವರಲ್ಲ. ನೀರು ಇಳಿಜಾರಿಗೇ ಯಾಕೆ ಹರಿಯುತ್ತದೆ ಅಂತ ಕೇಳುತ್ತಾ ಕೂತರೆ ಕೊಡ ತುಂಬುವವರು ಯಾರು?

ನಮ್ಮ ಓಣಿಯ ಗೊಗ್ಗವ್ವನ ಬಾವಿ ಮನೆಯ ಮುಂದಿತ್ತು. ಅಳತೆಗೆ ಬಂದ ಕಾರಕೂನ ನಿದ್ದೆಗಣ್ಣಲ್ಲಿ ಹಿತ್ತಲಲ್ಲಿದೆ ಅಂತ ಬರೆದು ಸಿಕ್ಕಾ ಒತ್ತಿದ. ಬೆಳಿಗ್ಗೆ ಎದ್ದು ನೋಡಿದರೆ ಬಾವಿ ಹಿತ್ತಲಲ್ಲಿ ಕೂತಿತ್ತು. ಗೊಗ್ಗವ್ವ ಕಾರಕೂನನ ವಂಶವನ್ನೆಲ್ಲ ಎತ್ತಿ ಆಡಿ, ಹಗ್ಗ ಕೊಡ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬೇರೆ ಊರುಗಳಲ್ಲಿ ಕಾರಕೂನರು ಬೇಗ ಬರೆಯಲಿ ಅಂತ ಚಹಾ ಕುಡಿಸುತ್ತಾರಂತೆ. ನಮ್ಮಲ್ಲಿ ಅವರು ಬರೆಯದಿರಲಿ ಅಂತ ಕುಡಿಸುತ್ತೇವೆ.

ಇನ್ನು ನಮ್ಮ ಸಾಲೆಯ ಹಾಜರಿ ಪುಸ್ತಕ, ಅದರ ಪುಟಪುಟಕ್ಕೂ ಸಿಕ್ಕಾ. ಅದರಲ್ಲಿ ಹತ್ತಿದ ಹೆಸರನ್ನು ಯಾವ ಮಾಸ್ತರನೂ ಗೀಟು ಎಳೆದು ತೆಗೆದಿಲ್ಲ. ಪಾಸಾದವರ ಹೆಸರು ಮುಂದಿನ ಇಯತ್ತೆಗೆ ಹೋಗುತ್ತದೆ, ಅದು ಸರಿ. ನಡುವೆ ಸಾಲೆ ಬಿಟ್ಟವರದು? ಹೆಸರಿಗೆ ಗೀಟು ಬಿದ್ದರೆ ಆ ಮನುಷ್ಯನ ಗತಿ ಏನಾದೀತು, ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಉಮೇದೂ ಯಾರಿಗೂ ಇಲ್ಲ. ಹಾಗಾಗಿ ಎರಡನೇ ಇಯತ್ತೆಯಲ್ಲಿ ಕೂರುವ ಮಕ್ಕಳು ನಲವತ್ತೊಂದು, ಮಾಸ್ತರು ದಿನಾ ಕೂಗುವ ಹೆಸರು ನೂರಾ ಎಪ್ಪತ್ತಮೂರು. ಮಿಕ್ಕವರೆಲ್ಲ ಹೊಲದಲ್ಲೋ, ಗಂಡನ ಮನೆಯಲ್ಲೋ, ಇನ್ನೆಲ್ಲೋ ಇರುವವರು. ಹಾಜರಿ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಹಸಿವಾಗಿರುತ್ತದೆ.

ನನ್ನ ಮೊಮ್ಮಗಳು ದಾಕ್ಷಿಗೆ ಈ ಹಾಜರಿಯೇ ಮೊದಲ ಶತ್ರುವಾಯಿತು. ದಾಕ್ಷಿ ನನ್ನ ಮಗಳು ಕಸ್ತೂರಿಯ ಒಬ್ಬಳೇ ಮಗಳು, ಆಗ ಅವಳಿಗೆ ಎಂಟು ವರ್ಷ. ಅವಳ ಮಾತು ತಡ. ಒಂದು ಸಂಗತಿ ತಲೆಗೆ ಹೋಗಬೇಕಾದರೆ ದೂರದ ದಾರಿ ಸುತ್ತಿ ಹೋಗುತ್ತದೆ. ಹೋದ ಮೇಲೆ ಅಲ್ಲೇ ಇರುತ್ತದೆ ಅಂತಲೂ ಇಲ್ಲ. ಗದ್ದಲವೆಂದರೆ ಆಗದು. ನೂರಾ ಎಪ್ಪತ್ತಮೂರು ಹೆಸರು ಕೂಗುವುದು ಶುರುವಾಯಿತೆಂದರೆ ಎರಡೂ ಕಿವಿ ಮುಚ್ಚಿ ಬೆಂಚಿನ ಕೆಳಗೆ ಸೇರಿಬಿಡುತ್ತಿದ್ದಳು. ಗಂಟೆ ಹೊಡೆದರೆ ಚೀರುತ್ತಿದ್ದಳು. ಅವಳು ಚೀರಿದರೆ ಉಳಿದ ನಲವತ್ತು ಮಕ್ಕಳೂ ಖುಷಿಯಿಂದ ಚೀರುತ್ತಿದ್ದರು.

ಹೆಡ್ ಮಾಸ್ತರು ಹುಚ್ಚೀರಪ್ಪ ಕೆಟ್ಟವರಲ್ಲ, ಇಡೀ ಸಾಲೆಗೆ ಅವರೊಬ್ಬರೇ. ದೀಪಾವಳಿ ಸೂಟಿ ಮುಗಿದ ದಿನ ನಮ್ಮನ್ನು ಕರೆಸಿದರು. ಅವತ್ತು ಜಿನ್ನಿಂಗ್ ಮಿಲ್ಲಿಂದ ನೇರ ಬಂದ ಕಸ್ತೂರಿಯ ತಲೆಯ ತುಂಬ ಹತ್ತಿಯ ಎಳೆ.

“ಕಸ್ತೂರಿ, ನನ್ನ ಕೈಲಿ ಆಗವಲ್ದವ್ವ,” ಅಂದರು ಮಾಸ್ತರು. “ಈ ಹುಡುಗಿ ಬಾಜೂಕ ಕುಂತು ಕಲಿಸಾಕ ಇನ್ನೊಬ್ಬ ಟೀಚರ್ ಬೇಕ. ಅಂಥಾ ಮಕ್ಕಳಿಗೆ ಸರಕಾರದಿಂದ ಅನುದಾನ ಬರ್ತದ. ಜೊತಿ ಟೀಚರ್ ಪಗಾರ ಅದರಾಗ ಆಗ್ತದ. ಬರಲಿಲ್ಲಂದ್ರ, ಯುಗಾದಿ ಆದಮ್ಯಾಲ ಈಕಿನ್ನ ಮನ್ಯಾಗ ಇಟ್ಕೋಬೇಕಾಗ್ತದ ನೋಡು.”

“ಮನ್ಯಾಗ ಯಾರ ಅದಾರ್ರಿ ಕಲಿಸಾಕ? ಅನುದಾನ ತರಸ್ರಿ ಮತ್ತ!” ಅಂದಳು ಕಸ್ತೂರಿ.

ಮಾಸ್ತರು ಟ್ರಂಕಿನಿಂದ ಒಂದು ಅರ್ಜಿ ತೆಗೆದು, ಕಾದ ಹಂಚು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟರು. ಅದರಲ್ಲಿ ಹದಿನಾಲ್ಕು ಪ್ರಶ್ನೆ. ಮಗುವಿಗೆ ಓದಲು ಬರುತ್ತದೆಯೇ, ಬರೆಯಲು ಬರುತ್ತದೆಯೇ, ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತದೆಯೇ, ಹೀಗೆ. ಹತ್ತಕ್ಕೆ ‘ಇಲ್ಲ’ ಅಂತ ಬರೆದರೆ ಅನುದಾನ ಮಂಜೂರು. ಒಂಬತ್ತಾದರೆ ನಾಮಂಜೂರು.

ಕಸ್ತೂರಿ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು. ಬೇರೆ ಊರಿನ ತಾಯಿಯಾಗಿದ್ದರೆ ಕಣ್ಣೊರೆಸಿಕೊಂಡು ‘ಇಲ್ಲ’ ‘ಇಲ್ಲ’ ಅಂತ ಬರೆಸಿ ಮನೆಗೆ ಹೋಗುತ್ತಿದ್ದಳು. ನಮ್ಮೂರಲ್ಲಿ ಬರೆದ ‘ಇಲ್ಲ’ ಅಲ್ಲೇ ಬೇರು ಬಿಡುತ್ತದೆ.

“ಗುಂಡಿ ಹಾಕ್ಕೊಳ್ಳೂದನ್ನ ಒಂದ್ ವರ್ಷ ಹಿಡಿದು ಕಲಿಸೀನ್ರಿ ಮಾಸ್ತರ. ಒಂದೊಂದ್ ದಿನ ಹಾಕ್ಕೋತಾಳ, ಒಂದೊಂದ್ ದಿನ ಇಲ್ಲ. ಅದನ್ನ ಇಲ್ಲ ಅಂತ ಬರದ್ರ ಅದೂ ಹೋಗ್ತದಲ್ಲ? ಓದಾಕ ಇವತ್ತ ಬರಾಂಗಿಲ್ಲ, ಖರೆ. ನಾಳೆ ಬರಬಾರದೇನ್ರಿ?”

ಮಾಸ್ತರು ತಲೆ ಕೆರೆದುಕೊಂಡರು. “ಹಂಗಾರ ಅನುದಾನದ ಗೊಡವೀನ ಬ್ಯಾಡ. ಎಲ್ಲಾದಕ್ಕೂ ‘ಬರುತ್ತದೆ’ ಅಂತ ಬರದ್ ಬಿಡೂಣು. ನಾಳಿಂದ ಹುಡುಗಿ ಎಲ್ಲಾರಂಗ ಆಗಿಬಿಡ್ತಾಳ.”

ಕಸ್ತೂರಿ ನನ್ನ ಮುಖ ನೋಡಿದಳು. ಆ ಆಸೆ ಅವಳ ಕಣ್ಣಲ್ಲಿ ಬಂದು ನಿಂತದ್ದನ್ನು ನಾನು ಕಂಡೆ, ತಾಯಿ ಅಲ್ಲವೇ? ನಾನು ಹೆಚ್ಚು ಮಾತಿನವಳಲ್ಲ. “ಮುದಕಪ್ಪನ್ನ ನೆನಸ್ಕೋ,” ಅಂದೆ, ಅಷ್ಟೇ.

ಮುದಕಪ್ಪ ನಮ್ಮ ಹಿಂದಿನ ಓಣಿಯವನು, ಉಗ್ಗುತ್ತಿದ್ದ. ಹೆಂಡತಿ ಕೊಟ್ರವ್ವ ಯಾರ ಕೈಕಾಲೋ ಹಿಡಿದು ಒಂದು ಸರ್ಟಿಫಿಕೇಟಿನಲ್ಲಿ ‘ಸ್ಪಷ್ಟವಾಗಿ ಮಾತನಾಡುತ್ತಾರೆ’ ಅಂತ ಬರೆಸಿದಳು. ಮರುದಿನದಿಂದ ಗಂಡ ಸ್ಪಷ್ಟವಾಗಿ ಮಾತನಾಡಿದ, ಆದರೆ ಕಾಗದ ಮಾತನಾಡುವ ಹಾಗೆ. “ಮಾನ್ಯ ಪತ್ನಿಯವರೇ, ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಚಹಾ ತಣ್ಣಗಾಗಿರುತ್ತದೆ.” ಹದಿನೆಂಟು ವರ್ಷ ಅವಳು ಅವನೊಂದಿಗೆ ಸಂಸಾರ ಮಾಡಿದಳು. ಮುದಕಪ್ಪ ಉಗ್ಗುತ್ತಾ ಉಗ್ಗುತ್ತಾ ಅವಳ ಹೆಸರು ಕರೆಯುತ್ತಿದ್ದನಲ್ಲ, ಅದನ್ನು ನೆನೆದು ಒಂದೊಂದು ಸಲ ಒಲೆಯ ಮುಂದೆ ಅಳುತ್ತಿದ್ದಳು.

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಬ್ಯಾಡ್ರಿ ಮಾಸ್ತರ. ಎಲ್ಲಾ ಬರ್ತದ ಅಂತ ಬರದ್ರ, ಸಂಜೀಕ ನಮ್ಮನೀಗೆ ಯಾವಾಕಿ ಬರ್ತಾಳೋ ಏನೋ. ನನಗ ಈಕೀನ ಬೇಕು.”

ಬರೆದರೆ ಹಾಗೆ, ಬರೆಯದಿದ್ದರೆ ಹೀಗೆ. ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ದಾಕ್ಷಿ ಅದರ ಮೂಲೆಯಲ್ಲಿ ಕೂತಿದ್ದ ನೊಣವನ್ನು ನೋಡುತ್ತಾ ನಗುತ್ತಿದ್ದಳು.

ನಾನು ಕೌದಿ ಹೊಲಿಯುವವಳು. ಹೊಲಿಯುತ್ತಾ ಕೂತರೆ ಹಳೆಯದೆಲ್ಲ ನೆನಪಾಗುತ್ತದೆ. ಹಳೆ ಸೀರೆಯ ತುಂಡು ಕೈಗೆ ಬಂದರೆ ಅದನ್ನು ಉಟ್ಟವಳೂ ನೆನಪಿಗೆ ಬರುತ್ತಾಳೆ. ಹಾಗೆ ಒಂದು ಮಧ್ಯಾಹ್ನ ನಾನು ಸಾಲೆ ಬಿಟ್ಟ ದಿನ ನೆನಪಾಯಿತು. ತಮ್ಮ ಹುಟ್ಟಿದ್ದ. ಅವನ ತೊಟ್ಟಿಲು ತೂಗಲು ಅಂತ ಅವ್ವ ನನ್ನನ್ನು ಎರಡನೇ ಇಯತ್ತೆಯಿಂದ ಒಂದು ವಾರ ಬಿಡಿಸಿದಳು. ಆ ವಾರ ಇನ್ನೂ ಮುಗಿದಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಸಾಲೆಗೆ ಹೋದೆ.

“ಮಾಸ್ತರ, ನನ್ನ ಹೆಸರು ಇನ್ನೂ ಕೂಗ್ತೀರೇನು?”

ಮಾಸ್ತರು ನಕ್ಕರು. “ಕೂಗದೇನ ಬಿಡ್ತೀನೇನು? ದಿನಾ ಕೂಗ್ತೀನಿ. ನಲವತ್ತನಾಲ್ಕನೇದ್ದು. ಫಕ್ಕೀರವ್ವ, ಗೈರು.” ಹಾಗೆ ಅಂದವರು ಬಾಯಿ ತೆರೆದಂತೆಯೇ ನಿಂತರು. ನನ್ನ ಮನಸ್ಸಿನಲ್ಲಿದ್ದದ್ದು ಅವರ ತಲೆಗೂ ಹೊಳೆದಿತ್ತು.

ಆಮೇಲೆ ಅವರು ಕಾಯಿದೆ ಪುಸ್ತಕ ತಿರುವಿದರು. ಮಗು ಅಂದರೆ ಹಾಜರಿಯಲ್ಲಿ ಹೆಸರಿರುವವರು ಅಂತ ಇತ್ತು. ವಯಸ್ಸಿನ ಮಾತು ಎಲ್ಲೂ ಇರಲಿಲ್ಲ. ನನ್ನ ವಯಸ್ಸಂತೂ ಯಾವ ಕಾಗದದಲ್ಲೂ ಇಲ್ಲ. ಮಳೆಗಾಲದಲ್ಲಿ ಹುಟ್ಟಿದವಳು ಅಂತ ಅವ್ವ ಹೇಳುತ್ತಿದ್ದಳು, ಯಾವ ಮಳೆಗಾಲ ಅಂತ ಹೇಳಿರಲಿಲ್ಲ.

ಕಸ್ತೂರಿಗೆ ತಿಳಿದಾಗ ಅವಳು ಮಿಲ್ಲಿನ ಬಾಗಿಲಿಂದ ಓಡುತ್ತಲೇ ಬಂದಳು. “ಯವ್ವಾ, ನಿನಗ ತಲಿ ನೆಟ್ಟಗೈತೇನು? ಈ ವಯಸ್ಸಿನಾಗ ಪಾಟಿ ಹಿಡಕೊಂಡು ಹೋಗ್ತೀ?”

“ಹೋಗ್ತೀನಿ. ದಾಕ್ಷಿ ಬಾಜೂಕ ಕುಂದರ್ತೀನಿ. ನನಗಂತ ಬಂದ ಟೀಚರ್ ಕಣ್ಣು ಬಾಜೂಕ ಬೀಳೂದಿಲ್ಲೇನು?”

ಹುಚ್ಚೀರಪ್ಪ ಮಾಸ್ತರು ಸಿಕ್ಕಾ, ಪೆನ್ನು ಎರಡನ್ನೂ ಜೋಳದ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಅವನ್ನು ತೆಗೆದು, ಕೈ ತೊಳೆದು, ಬಾಗಿಲು ಹಾಕಿ ಕೂತರು. ಓದಲು ಬರುತ್ತದೆಯೇ? ಇಲ್ಲ. ಇಲ್ಲಿ ಅವರು ಪೆನ್ನು ಎತ್ತಿ ಹಿಡಿದರು. “ಫಕ್ಕೀರವ್ವಾರ, ಬರದ ಮ್ಯಾಲ ಮುಂದ ಎಂದೂ ಅಕ್ಷರ ಹತ್ತೂದಿಲ್ಲ. ವಿಚಾರ ಮಾಡ್ರಿ.” ನಾನು ವಿಚಾರ ಮಾಡಿದೆ. “ಬರೀರಿ,” ಅಂದೆ.

ಬರೆಯಲು ಬರುವುದಿಲ್ಲ. ಓಡಲು ಬರುವುದಿಲ್ಲ. ಚೆಂಡು ಹಿಡಿಯಲು ಬರುವುದಿಲ್ಲ. ಒಂದು ತಾಸು ಒಂದೇ ಕಡೆ ಕೂರಲು ಮೊಣಕಾಲು ಬಿಡುವುದಿಲ್ಲ. ಹಿಂದಿನಿಂದ ಕರೆದರೆ ಕೇಳುವುದಿಲ್ಲ. ಹಲಗೆಯ ಮೇಲಿನದು ಕಾಣುವುದಿಲ್ಲ. ನಾಲ್ಕು ಜನರೆದುರು ನಿಂತು ಮಾತನಾಡಲು ಬಾಯಿ ಬರುವುದಿಲ್ಲ. ಗುಂಡಿ? ಕುಪ್ಪಸಕ್ಕೆ ಗಂಟು ಹಾಕುವವಳಿಗೆ ಗುಂಡಿಯ ಗೊಡವೆ ಎಲ್ಲಿಯದು, ಅದೂ ಇಲ್ಲ. ಒಂಬತ್ತಾದವು. ಎಲ್ಲವೂ ಇದ್ದದ್ದೇ, ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ.

“ಇನ್ನೊಂದು ಬೇಕಲ್ಲ,” ಅಂದರು ಮಾಸ್ತರು.

ಉಳಿದವು ಐದು, ಐದೂ ನನಗೆ ಬರುವಂಥವು. ಗುರುತಿನವರ ಮುಖ ಹಿಡಿಯುವುದು. ಅದನ್ನು ಕೊಟ್ಟರೆ ದಾಕ್ಷಿ ಎದುರಿಗೆ ಬಂದಾಗ ಯಾರ ಮಗಳವ್ವ ಅಂತ ಕೇಳಬೇಕು, ಅದು ಬೇಡ. ಸಣ್ಣ ವಸ್ತುವನ್ನು ಬೆರಳಲ್ಲಿ ಹಿಡಿಯುವುದು. ಸೂಜಿ ಹೋದರೆ ಒಲೆಯೂ ಹೋಯಿತು. ನಡೆದದ್ದನ್ನು ನೆನಪಿಟ್ಟು ಹೇಳುವುದು. ನನ್ನ ಹತ್ತಿರ ಇರುವ ಆಸ್ತಿ ಅದೊಂದೇ. ಹಸಿವಾದರೆ ಹೇಳುವುದು. “ಅದನ್ನ ಕೊಡಬ್ಯಾಡ್ರಿ,” ಅಂದರು ಮಾಸ್ತರು, “ನಿಮ್ಮ ಮಗಳು ಮಿಲ್ಲಿಗೆ ಹೋದಾಗ ಉಪಾಸ ಸಾಯ್ತೀರಿ.” ಕೊನೆಯದು, ಎಡ ಬಲ ತಿಳಿಯುವುದು.

“ಅದನ್ನ ತಗೋರಿ,” ಅಂದೆ. “ಈ ವಯಸ್ಸಿನಾಗ ಇನ್ನೆಷ್ಟ ತಿರುವು ಉಳಿದಾವು?”

ಅವರು ಬರೆದರು, ಸಿಕ್ಕಾ ಒತ್ತಿದರು. ನನಗೇನೂ ಅನಿಸಲಿಲ್ಲ. ಎದ್ದು, ನಮಸ್ಕಾರ ಹೇಳಿ, ಹೊರಗೆ ಹೋಗಲು ತಿರುಗಿದವಳು ನೇರ ಬಿಸಿಯೂಟದ ಅಕ್ಕಿ ಚೀಲಗಳ ಕೋಣೆಗೆ ಹೋಗಿ ನಿಂತೆ.

ಮರುದಿನ ಹಾಜರಿಯಲ್ಲಿ ನಲವತ್ತನಾಲ್ಕನೇ ಹೆಸರು ಬಂದಾಗ ಕೂತಲ್ಲೇ “ಹಾಜರ್ರಿ” ಅಂದೆ. ಅರವತ್ತು ವರ್ಷದ ಮೇಲೆ ಆ ಸಾಲಿನಿಂದ ಉತ್ತರ ಬಂದದ್ದು ಕೇಳಿ ಮುಂದಿನ ಬೆಂಚಿನ ಹುಡುಗ ಹೆದರಿ ಅಳಲಿಕ್ಕೆ ಹತ್ತಿದ. ಒಂದು ತಿಂಗಳಲ್ಲಿ ಅನುದಾನ ಬಂತು. ಅದರ ಹಿಂದೆಯೇ ಜೊತೆ ಟೀಚರ್ ಬಂದಳು, ಮೆಹರುನ್ನಿಸಾ ಅಂತ. ಎಲ್ಲರೂ ಮೆಹರಕ್ಕ ಅನ್ನುತ್ತಿದ್ದರು. ನಮ್ಮೂರ ಸೊಸೆ, ಕಾಗದ ಎಂದರೆ ಏನು ಅಂತ ಬಲ್ಲವಳು. ನನ್ನನ್ನು ನೋಡಿದಳು, ಬೆಂಚಿನ ಕೆಳಗಿದ್ದ ದಾಕ್ಷಿಯನ್ನು ನೋಡಿದಳು, ಏನೂ ಕೇಳದೆ ತಾನೂ ಬೆಂಚಿನ ಕೆಳಗೆ ಹೋಗಿ ಕೂತಳು.

ಹಾಜರಿ ಶುರುವಾಗುವ ಮೊದಲೇ ದಾಕ್ಷಿಯನ್ನು ಪಡಸಾಲೆಗೆ ಕರೆದುಕೊಂಡು ಹೋಗುತ್ತಿದ್ದಳು. ಗಂಟೆಯ ಕೋಲನ್ನು ಅವಳ ಕೈಗೇ ಕೊಟ್ಟಳು. ತಾನೇ ಹೊಡೆದ ಗಂಟೆಗೆ ದಾಕ್ಷಿ ಚೀರಲಿಲ್ಲ. ಮೊದಮೊದಲು ಮಾತ್ರ ನಿಲ್ಲಿಸಲು ಮರೆತು ಹೊಡೆಯುತ್ತಲೇ ಇರುತ್ತಿದ್ದಳು. ಒಂದು ಅಕ್ಷರಕ್ಕೆ ಹದಿನೈದು ದಿನ. ಮಧ್ಯೆ ಮರೆತರೆ ಮತ್ತೆ ಹದಿನೈದು. ಮೆಹರಕ್ಕ ನನಗೂ ಕಲಿಸಿದಳು, ಕಾಗದಕ್ಕೆ ಮೋಸವಾಗಬಾರದಲ್ಲ. ‘ಅ’ ನನಗೆ ಬಹಳ ಹಿಡಿಸಿತು, ಕೌದಿಯ ಮೂಲೆಯ ತಿರುವಿನ ಹಾಗಿತ್ತು. ಮರುದಿನ ಬೆಳಿಗ್ಗೆ ಅದು ಯಾವುದು ಅಂತ ಗೊತ್ತಿರಲಿಲ್ಲ. ಪ್ರತಿದಿನವೂ ಹೊಸದಾಗಿ ಹಿಡಿಸುತ್ತಿತ್ತು.

ತೊಂದರೆಯಾದದ್ದು ದಾರಿಯಲ್ಲಿ. ಮನೆ ಕಣ್ಣಿಗೆ ಕಾಣುತ್ತಿದ್ದರೂ ತಿರುವಿಗೆ ಬಂದರೆ ಕಾಲು ಬೇರೆ ಕಡೆಗೇ ಹೋಗುತ್ತಿತ್ತು. ಕೆರೆಯ ದಂಡೆಗೆ ಎರಡು ಸಲ, ಗೌಡರ ದನದ ಕೊಟ್ಟಿಗೆಗೆ ಒಂದು ಸಲ ಹೋದೆ. ಆಮೇಲೆ ಒಂದು ದಿನ ದಾಕ್ಷಿ ನನ್ನ ಕೈ ಹಿಡಿದು ಎಳೆದು “ಆಯೀ, ಹಿಂಗ” ಅಂದಳು. ಅದು ಸರಿಯಾದ ದಾರಿಯಾಗಿತ್ತು. ಮರುದಿನ ಅವಳೂ ತಪ್ಪಿದಳು, ಇಬ್ಬರೂ ಬಜಾರಕ್ಕೆ ಹೋಗಿ ನಿಂತೆವು. ಅದರ ಮರುದಿನ ಸರಿ.

ಫೆಬ್ರುವರಿಯಲ್ಲಿ ಜಿಲ್ಲೆಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂತು. ಇಂಥ ಭೇಟಿ ಬಂದರೆ ಭೇಟಿ ಪುಸ್ತಕದಲ್ಲಿ ಮೊದಲೇ ಬರೆದಿಡುವುದು ನಮ್ಮ ಮಾಸ್ತರ ರೂಢಿ. ಗಡಿಬಿಡಿಯಲ್ಲಿ ‘ಸಾಹೇಬರು ಉಪ್ಪಿಟ್ಟನ್ನು ತೃಪ್ತಿಯಿಂದ ತಿಂದರು’ ಅಂತ ಬರೆದು ಸಿಕ್ಕಾ ಒತ್ತಿ, ಮುಂದಿನದನ್ನು ಬರೆಯುವಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಜೀಪು ಅವರನ್ನು ಇಳಿಸಿ ಮುಂದಿನ ಊರಿಗೆ ಹೋಯಿತು. ಸಾಹೇಬರು ಮೂರು ತಟ್ಟೆ ಉಪ್ಪಿಟ್ಟನ್ನು ಕಣ್ಣು ಮುಚ್ಚಿ ಚಪ್ಪರಿಸಿ ತಿಂದರು. ಕೈ ತೊಳೆದು, ಕಣ್ಣು ತೆರೆದು, ಎರಡನೇ ಇಯತ್ತೆಗೆ ಬಂದು ಹುಬ್ಬು ಗಂಟಿಕ್ಕಿದರು.

“ಇಲ್ಲಿ ಅನುದಾನದ ಮಗು ಯಾವುದು?”

ನಾನು ಎದ್ದು ನಿಂತೆ.

ಸಾಹೇಬರು ಕಡತ ನೋಡಿದರು, ನನ್ನನ್ನು ನೋಡಿದರು. “ಇದೇನು ಹುಡುಗಾಟವೇ, ಮಾಸ್ತರೇ?”

“ಹಾಜರಿ ಒಳಗ ಹೆಸರೈತ್ರಿ ಸಾಹೇಬ್ರ,” ಅಂದರು ಮಾಸ್ತರು, ಸಣ್ಣ ದನಿಯಲ್ಲಿ. “ಕಾಯಿದೆದಾಗ ವಯಸ್ಸಿನ ಮಾತಿಲ್ರಿ.”

“ಅಜ್ಜಿ, ಎಡಗೈ ಎತ್ತಿ.”

ಎತ್ತಿದೆ. ಮಕ್ಕಳು ನಕ್ಕದ್ದರಿಂದ ಅದು ಬಲಗೈ ಅಂತ ತಿಳಿಯಿತು.

“ನಾಟಕ!” ಸಾಹೇಬರು ಮೆಹರಕ್ಕನ ಕಡೆ ತಿರುಗಿದರು. “ನೀವು ಹೇಳಿ. ನೀವು ಪಾಠ ಹೇಳುವುದು ಯಾರಿಗೆ?”

ಮೆಹರಕ್ಕ ಸುಳ್ಳು ಹೇಳುವವಳಲ್ಲ. “ಕಾಗದದ ಮ್ಯಾಲ ಈಕಿ, ಸಾಹೇಬ್ರ. ಬೆಂಚಿನ ಮ್ಯಾಲ ಇಬ್ರೂ.” ಅಂದು ದಾಕ್ಷಿಯ ಬೆನ್ನ ಮೇಲೆ ಕೈಯಿಟ್ಟಳು.

“ಹಾಗಾದರೆ ಈ ಹುಡುಗಿಯ ಹೆಸರಲ್ಲೇ ಯಾಕೆ ಅರ್ಜಿ ಹಾಕಲಿಲ್ಲ?”

ಹೊರಗಿನವರಿಗೆ ಹೇಗೆ ಹೇಳುವುದು? ಸಾಹೇಬರು ಹಾಜರಿ ಪುಸ್ತಕ ಎಳೆದುಕೊಂಡು ಕಿಸೆಯಿಂದ ಕೆಂಪು ಪೆನ್ನು ತೆಗೆದರು. ನಲವತ್ತನಾಲ್ಕನೇ ಹೆಸರಿನ ಮೇಲೆ ಬೆರಳಿಟ್ಟರು. ಮಾಸ್ತರು ಗೋಡೆ ಹಿಡಿದುಕೊಂಡರು. ನನಗೆ ನನ್ನ ಚಿಂತೆ ಅಷ್ಟಿರಲಿಲ್ಲ. ಗೀಟು ಬಿದ್ದರೆ ನಾನು ಏನಾಗುತ್ತೇನೋ ಆಗಲಿ. ನನ್ನ ಜೊತೆಗೆ ಮೆಹರಕ್ಕ ಹೋಗುತ್ತಾಳೆ. ದಾಕ್ಷಿ ಮತ್ತೆ ಬೆಂಚಿನ ಕೆಳಗೆ, ಯುಗಾದಿಯ ಮೇಲೆ ಮನೆಯ ಮೂಲೆಗೆ.

ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ ಅಂತ ಬರೆದಿದೆ. ಹಾಗಾಗಿ ಮಾತನಾಡಲಾಗಲಿಲ್ಲ. ಸಾಹೇಬರ ತೋಳು ಹಿಡಿದು, ಎರಡನೇ ಇಯತ್ತೆಯ ಹುಡುಗಿ ಹಿಡಿದ ಹಾಗಲ್ಲ, ತಾಯಿ ಹಿಡಿದ ಹಾಗೆ ಹಿಡಿದು, ಪಡಸಾಲೆಗೆ ಎಳೆದುಕೊಂಡು ಬಂದೆ. ಅಲ್ಲಿ ನಾವಿಬ್ಬರೇ ಆದ ಮೇಲೆ ಬಾಯಿ ಬಂತು.

“ಸಾಹೇಬ್ರ, ಗೀಟು ಹೊಡಿಯಾಕ ಹೊತ್ತೇನೂ ಹಿಡಿಯೂದಿಲ್ಲ. ಮೊದಲ ಒಂದು ಕೆಲಸ ಮಾಡ್ರಿ. ಸಾಲಿ ಬಿಡೂ ಹೊತ್ತಾತು. ನಮ್ಮ ಹಿಂದ ನಮ್ಮನೀ ಮಟ ನಡೀರಿ. ಹತ್ತು ಮಿಂಟಿನ ದಾರಿ.”

ಜೀಪು ಬರಲು ಇನ್ನೂ ಹೊತ್ತಿತ್ತೋ ಏನೋ, ಅವರು ಒಪ್ಪಿದರು. ಕೆಂಪು ಪೆನ್ನು ಕೈಯಲ್ಲೇ ಇತ್ತು.

ದಾಕ್ಷಿ ಗಂಟೆ ಹೊಡೆದು ಬಂದು ನನ್ನ ಕೈ ಹಿಡಿದಳು. ಸಾಲೆಯ ಗೇಟಿನಲ್ಲಿ ನಾನು ಕೆರೆಯ ಕಡೆ ತಿರುಗಿದೆ. “ಆಯೀ, ಹಿಂಗ.” ಎಳೆದಳು. ಹಿಟ್ಟಿನ ಗಿರಣಿ ಶುರುವಾಗಿತ್ತು. ಅವಳು ನಿಂತು, ಒಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡಳು. ಇನ್ನೊಂದು ಕಿವಿ ಮುಚ್ಚಬೇಕಾದರೆ ನನ್ನ ಕೈ ಬಿಡಬೇಕು. ಬಿಡಲಿಲ್ಲ. ಆ ಕಿವಿಯನ್ನು ನನ್ನ ತೋಳಿಗೆ ಒತ್ತಿಕೊಂಡು ಗಿರಣಿ ದಾಟಿದಳು. ಗೌಡರ ಎಮ್ಮೆ ಕಟ್ಟಿದ ಕಡೆ ನಿಂತಳು. ಎಮ್ಮೆ ತಿರುಗಿ ನೋಡುವ ತನಕ ಅವಳು ಮುಂದೆ ಹೋಗುವವಳಲ್ಲ. ಎಮ್ಮೆಗೆ ಅವತ್ತು ಬಹಳ ಹೊತ್ತು ತಿರುಗುವ ಮನಸ್ಸಾಗಲಿಲ್ಲ. ಸಾಹೇಬರು ಬೂಟಿನ ಮೇಲೆ ಬೂಟಿಟ್ಟುಕೊಂಡು ಕಾದರು.

ಮೂರು ದಾರಿ ಕೂಡುವಲ್ಲಿ ದಾಕ್ಷಿಗೂ ಗೊತ್ತಾಗಲಿಲ್ಲ. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಸಾಹೇಬರು ಹೋಗುವವರನ್ನು ತಡೆದು ದಾರಿ ಕೇಳಲು ಕೈ ಎತ್ತಿದರು. ನಾನು ಸುಮ್ಮನಿರಿ ಅಂತ ಸನ್ನೆ ಮಾಡಿದೆ. ನಾವು ನಿಂತೇ ಇದ್ದೆವು. ಸೈಕಲ್ಲಿನವರು ಸುತ್ತಿ ಹೋದರು. ನಮ್ಮೂರಲ್ಲಿ ನಿಂತವರನ್ನು ಯಾಕೆ ನಿಂತಿರಿ ಅಂತ ಕೇಳುವುದಿಲ್ಲ. ಎಷ್ಟೋ ಹೊತ್ತಿಗೆ ಅವಳ ಮುಖ ಅರಳಿತು. “ಹಿಂಗ!” ಅಂತ ಕೂಗಿದಳು, ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹತ್ತು ಮಿನಿಟಿನ ದಾರಿಗೆ ಒಂದೂವರೆ ತಾಸಾಗಿತ್ತು. ಸಾಹೇಬರು ನಮ್ಮ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದರು.

“ನಿಮಗೆ ನಿಜವಾಗಿಯೂ ಎಡ ಬಲ ತಿಳಿಯುವುದಿಲ್ಲವೇ?”

“ಹ್ವಾದ ವರ್ಷದ ತನಕ ತಿಳೀತಿತ್ರಿ. ಅರ್ಜಿ ಒಳಗ ಒಂದು ಕಮ್ಮಿ ಬಿದ್ದಿತ್ತು.”

ಅವರು ಕಡತ ತೆಗೆದು ‘ಅಭಿಪ್ರಾಯ’ ಅಂತ ಇರುವ ಜಾಗದ ಮೇಲೆ ಪೆನ್ನು ಹಿಡಿದರು. “ಸಾಹೇಬ್ರ, ಛಲೋದು ಬರೀತೀನಿ ಅಂತನೂ ಬರೀಬ್ಯಾಡ್ರಿ,” ಅಂದೆ. “ನಿಮ್ಮ ಕಡೆ ಹೆಂಗೋ ಗೊತ್ತಿಲ್ಲ. ಇಲ್ಲಿ ಬರದ್ದು ಮನಿ ಮುಂದಿನ ಬಾವಿಯನ್ನೂ ಇದ್ದಲ್ಲೆ ಇರಗೊಡೂದಿಲ್ಲ.”

“ಏನೂ ಬರೆಯದಿದ್ದರೆ?”

“ಇದ್ದದ್ದು ಇದ್ದಾಂಗ ಇರ್ತದ.”

“ಟೀಚರ್ ಕೂಡ?”

“ಆಕೀನೂ.”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಆ ಜಾಗ ಹಾಗೇ ಬಿಳಿಯಾಗಿ ಉಳಿಯಿತು, ಈಗಲೂ ಹಾಗೇ ಇದೆಯಂತೆ. ಆಮೇಲೆ ಬೂಟು ಹಾಕಿಕೊಂಡು ಎದ್ದು, ಜೀಪು ಬಸ್‌ಸ್ಟ್ಯಾಂಡಿನ ಹತ್ತಿರ ಐದೂವರೆಗೆ ಬರುತ್ತದೆ, ಅದು ಯಾವ ಕಡೆ ಅಂತ ಕೇಳಿದರು.

ನಾನು ಥಟ್ಟನೆ ಕೈ ಮಾಡಿ ತೋರಿಸಿದೆ. ದಾಕ್ಷಿ ನನ್ನ ಕೈಯನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಅದನ್ನು ಕೆಳಗಿಳಿಸಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಸಾಹೇಬರ ಎರಡು ಬೆರಳು ಹಿಡಿದಳು. “ಹಿಂಗ,” ಅಂದಳು.

ಮೂವರೂ ಹೊರಟೆವು. ಗೌಡರ ಎಮ್ಮೆಯ ಹತ್ತಿರ ಬಂದಾಗ ಅವಳು ನಿಂತಳು. ನಾನೂ ನಿಂತೆ. ಸಾಹೇಬರು ಒಮ್ಮೆ ಗಡಿಯಾರ ನೋಡಿಕೊಂಡರು, ಒಮ್ಮೆ ಎಮ್ಮೆಯನ್ನು ನೋಡಿದರು, ಆಮೇಲೆ ಅವರೂ ನಿಂತರು.